ಮಾಗದ ಹೊಲ

ಆ ವರ್ಷ ದಸರೆ ಕಳೆದು ಎರಡು ವಾರವಾದರೂ ಎರಿಹಾಳದ ಸೋಯಾ ಹೊಲಗಳಲ್ಲಿ ಒಂದು ಎಲೆಯೂ ಹಳದಿಯಾಗಲಿಲ್ಲ.

ಸೋಯಾ ನೂರು ದಿನದ ಬೆಳೆ. ಜೂನಿನಲ್ಲಿ ಬಿತ್ತಿದರೆ ಸೆಪ್ಟೆಂಬರ್ ಕೊನೆಗೆ ಎಲೆ ಹಣ್ಣಾಗಿ ಉದುರಿ, ಕಾಯಿ ಹೊತ್ತ ಕಂದು ಕಡ್ಡಿಗಳಷ್ಟೇ ನಿಲ್ಲಬೇಕು. ರಾಶಿ ಮುಗಿಸಿ ಅದೇ ಹೊಲಕ್ಕೆ ಹಿಂಗಾರಿಯ ಕಡಲೆಯನ್ನೋ ಜೋಳವನ್ನೋ ಬಿತ್ತಬೇಕು. ಈ ಸಲ ನೂರಾ ಮೂವತ್ತನೇ ದಿನವೂ ಗಿಡಗಳು ಸೊಂಟದ ಮಟ್ಟ ಬೆಳೆದು, ಮಳೆಗಾಲದ ಮೊದಲ ತಿಂಗಳಿನ ಹಾಗೆ ಕಡುಹಸಿರಾಗಿ ನಿಂತಿದ್ದವು. ಹೂ ಬಿಟ್ಟಿದ್ದವು. ಹೂ ಉದುರಿದ್ದವು. ಹೂವಿದ್ದ ಜಾಗದಲ್ಲಿ ಕಾಯಿಯ ಬದಲು ಹೊಸ ಚಿಗುರು ಹೊರಟಿತ್ತು.

ಕಾಶವ್ವ ನಡುಹೊಲದಲ್ಲಿ ನಿಂತು ತಂಗಿಗೆ ಫೋನ್ ಮಾಡಿದಳು. ಅವಳಿಗೆ ಐವತ್ತಾರು ವರ್ಷ. ಎಂಟು ಎಕರೆ ಎರೆ ಜಮೀನಿನ ಒಕ್ಕಲುತನದ ಜೊತೆಗೆ ಊರಿನ ಮಹಿಳಾ ಸಂಘದ ಮುಖಂಡತ್ವವೂ ಅವಳದೇ. ತಂಗಿ ಡಾಕ್ಟರ್ ಇಂದುಮತಿ, ಅಲ್ಲಿಂದ ನಲವತ್ತು ಮೈಲಿ ದೂರದ ಸಂಶೋಧನಾ ಕೇಂದ್ರವೊಂದರಲ್ಲಿ ಮಣ್ಣಿನ ಜೀವಾಣುಗಳನ್ನು ಕುರಿತು ಕೆಲಸ ಮಾಡುವವಳು.

"ಇಂದೂ, ಗಿಡಾ ಸಾಯವಲ್ದು," ಅಂದಳು ಕಾಶವ್ವ.

"ಸಾಯವಲ್ದು ಅಂದ್ರ?"

"ಅಂದ್ರ ಏನ್ ಹೇಳ್ಲಿ? ಮುಪ್ಪಾಗವಲ್ದು. ಹದಿನೆಂಟು ವರ್ಷ ಆತು ಸೋಯಾ ಬಿತ್ತಾಕತ್ತು, ಇಂಥಾದ್ದು ಕಂಡಿಲ್ಲ. ನೀ ಬಾ. ಇವತ್ತ ಬಾ."

ಇಂದುಮತಿ ಮಧ್ಯಾಹ್ನದ ಹೊತ್ತಿಗೇ ಬಂದಳು. ಬದುವಿನ ಮೇಲೆ ಅಕ್ಕನ ಗಂಡ ಮಡಿವಾಳಪ್ಪ ಕೂತಿದ್ದ. ಯಾವಾಗಲೂ "ಬಾರವಾ ತಂಗಿ" ಎಂದು ಏಳುತ್ತಿದ್ದವನು ಅವತ್ತು ಏಳಲಿಲ್ಲ. ಅವಳು ನಾಲ್ಕು ಗಿಡಗಳನ್ನು ಬೇರುಸಹಿತ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಕಾರಿನಲ್ಲಿಟ್ಟಳು. ಹೊರಡುವಾಗ ಮಡಿವಾಳಪ್ಪ ಒಂದೇ ಮಾತು ಕೇಳಿದ.

"ನಿಮ್ಮ ನೀರಿಂದೇನು ಇದು?"

"ಗೊತ್ತಿಲ್ಲ ಮಾಮಾ. ನೋಡಿ ಹೇಳ್ತೀನಿ."

ಆ ನೀರಿಗೆ ಊರಿನವರು ಇಟ್ಟ ಹೆಸರು ಚಿಗುರುನೀರು. ನಾಲ್ಕು ವರ್ಷದ ಹಿಂದೆ ಇಂದುಮತಿಯೇ ಸಂಘದ ಹೆಂಗಸರಿಗೆ ಅದನ್ನು ಮಾಡುವುದು ಕಲಿಸಿದ್ದಳು. ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಸಗಣಿ, ಗೋಮೂತ್ರ, ಬೆಲ್ಲ, ಕಡಲೆಹಿಟ್ಟು, ಹೊಲದ ಬದುವಿನ ಒಂದು ಹಿಡಿ ಮಣ್ಣು ಹಾಕಿ, ಅದಕ್ಕೆ ನುಗ್ಗೆ ಸೊಪ್ಪನ್ನು ಅರೆದು ಹಿಂಡಿದ ರಸವನ್ನು ಬೆರೆಸಿ ಏಳು ದಿನ ಕೊಳೆಸುವುದು. ಎಳೆ ನುಗ್ಗೆ ಸೊಪ್ಪಿನಲ್ಲಿ ಗಿಡಗಳಿಗೆ 'ಇನ್ನೂ ಬೆಳಿ, ಇನ್ನೂ ಕವಲೊಡಿ' ಎಂದು ಹೇಳುವ ಒಂದು ಚೋದಕ ಇರುತ್ತದೆ. ಬಿತ್ತಿದ ಇಪ್ಪತ್ತನೇ ದಿನಕ್ಕೊಮ್ಮೆ, ನಲವತ್ತನೇ ದಿನಕ್ಕೊಮ್ಮೆ ಸಿಂಪಡಿಸಿದರೆ ಗಿಡ ಹೆಚ್ಚು ಟಿಸಿಲೊಡೆದು ಹೆಚ್ಚು ಹೂ ಬಿಡುತ್ತಿತ್ತು. ಮೊದಲ ವರ್ಷವೇ ಎಕರೆಗೆ ಏಳು ಕ್ವಿಂಟಲ್ ಬರುತ್ತಿದ್ದ ಹೊಲಗಳಲ್ಲಿ ಹನ್ನೊಂದು ಬಂತು. ಗೊಬ್ಬರದ ಚೀಲಕ್ಕಾಗಿ ಸೊಸೈಟಿ ಮುಂದೆ ಸಾಲು ನಿಲ್ಲುವುದನ್ನು ಊರು ಬಿಟ್ಟೇಬಿಟ್ಟಿತು.

ಪ್ರತಿಸಲ ಏಳು ದಿನ ಕಾಯುವುದು ಬೇಡವೆಂದು ಹೆಂಗಸರೇ ಒಂದು ಉಪಾಯ ಕಂಡುಕೊಂಡರು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೆಯ ಡ್ರಮ್ಮಿನಿಂದ ಒಂದು ತಂಬಿಗೆ ತೆಗೆದು ಹೊಸ ಡ್ರಮ್ಮಿಗೆ ಹಾಕಿದರೆ ಎರಡೇ ದಿನಕ್ಕೆ ಸಿದ್ಧ. ಆ ಹೆಪ್ಪು ಮನೆಯಿಂದ ಮನೆಗೆ ಹೋಯಿತು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಬಾಟಲಿಯಲ್ಲಿ ಗಂಡನ ಊರಿಗೆ ಒಯ್ದರು. ಗಡಿ ದಾಟಿ ಮರಾಠಿ ಸೀಮೆಗೆ, ಅಲ್ಲಿಂದ ಇನ್ನೂ ಉತ್ತರಕ್ಕೆ ಹೋಯಿತು. ಮೂರನೇ ವರ್ಷಕ್ಕೆ ದೇಶದ ಸೋಯಾ ಸೀಮೆಯಲ್ಲಿ ಚಿಗುರುನೀರು ಕಾಣದ ಹೊಲ ಉಳಿದಿರಲಿಲ್ಲ. ಇಂದುಮತಿಗೆ ಹೋದಲ್ಲೆಲ್ಲ ಶಾಲು ಹೊದಿಸಿದರು.

ಪ್ರಯೋಗಾಲಯದಲ್ಲಿ ಅವಳ ಜೊತೆಗಾರ ರಜಾಕ್ ನದಾಫ್ ಬೇರುಗಳನ್ನು ಬಿಳಿ ತಟ್ಟೆಯಲ್ಲಿಟ್ಟು ತೊಳೆದ. ಮೂವತ್ತು ವರ್ಷದಿಂದ ಬೇರು ತೊಳೆದ ಕೈ ಅದು. ಸೋಯಾದ ಬೇರಿನ ತುಂಬ ಸಾಸಿವೆಯಿಂದ ಬಟಾಣಿ ಗಾತ್ರದವರೆಗಿನ ಗಂಟುಗಳಿರುತ್ತವೆ. ಅವುಗಳೊಳಗೆ ಜೀವಾಣುಗಳು ವಾಸವಾಗಿದ್ದು, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡ ಕಾಳು ಕಟ್ಟಿ ಮಾಗಿದಂತೆ ಆ ಗಂಟುಗಳೂ ಕಪ್ಪಾಗಿ ಸೊರಗಿ ಉದುರುತ್ತವೆ. ನದಾಫ್ ಒಂದು ಗಂಟನ್ನು ಬ್ಲೇಡಿನಿಂದ ಸೀಳಿದ. ಒಳಗೆ ಹಸಿಮಾಂಸದಂತೆ ಕೆಂಪಗಿತ್ತು.

"ಮೇಡಂ, ಇಲ್ಲಿ ನೋಡ್ರಿ. ಇದು ಮುದುಕಿ ಆಗಬೇಕಿದ್ದ ಗಿಡ. ಬೇರು ಮಾತ್ರ ತಿಂಗಳ ಕೂಸಿನ ಹಂಗೈತಿ."

ಒಂಬತ್ತು ದಿನ ಇಬ್ಬರೂ ಆ ಗಂಟುಗಳ ಬೆನ್ನುಬಿದ್ದರು. ಕೊನೆಗೆ ಕಂಡದ್ದು ಇಷ್ಟು: ಗಂಟಿನೊಳಗಿನ ಜೀವಾಣು, ನುಗ್ಗೆ ಸೊಪ್ಪಿನಲ್ಲಿದ್ದ ಚೋದಕವನ್ನು ಈಗ ತಾನೇ ತಯಾರಿಸುತ್ತಿತ್ತು. ಒಂದು ಹಿಡಿ ಬದುವಿನ ಮಣ್ಣಿನ ಜೊತೆ ಡ್ರಮ್ಮಿಗೆ ಬಿದ್ದದ್ದು, ನಾಲ್ಕು ವರ್ಷ ಹೆಪ್ಪಿನಿಂದ ಹೆಪ್ಪಿಗೆ ಅದೇ ರಸದಲ್ಲಿ ಬದುಕಿ ಬದುಕಿ ಅದರ ಗುಟ್ಟು ಕಲಿತುಬಿಟ್ಟಿತ್ತು. ಸಿಂಪಡಿಸಿದ ರಸದ ಪ್ರಭಾವ ವಾರದಲ್ಲಿ ಇಳಿಯುತ್ತಿತ್ತು. ಬೇರಿನೊಳಗೆ ಮನೆ ಮಾಡಿದ ಈ ಜೀವಾಣು ಹಗಲೂ ರಾತ್ರಿ ಗಿಡಕ್ಕೆ ಅದೇ ಮಾತನ್ನು ಹೇಳುತ್ತಲೇ ಇತ್ತು: ಇನ್ನೂ ಬೆಳಿ, ಮಾಗಬೇಡ. ಗಿಡ ಮಾಗಿದರೆ ಗಂಟು ಸಾಯುತ್ತದೆ, ಗಂಟು ಸತ್ತರೆ ಜೀವಾಣುವಿಗೆ ನೆಲೆಯಿಲ್ಲ. ಗಿಡ ಮಾಗದಿದ್ದರೆ ಅದರ ಮನೆಗೆ ಅಳಿವಿಲ್ಲ. ಅದಕ್ಕೆ ಯಾರ ಮೇಲೂ ದ್ವೇಷವಿರಲಿಲ್ಲ. ತನ್ನ ಬದುಕನ್ನು ಅದು ಬದುಕುತ್ತಿತ್ತು, ಅಷ್ಟೇ.

"ಈ ವರ್ಷನ ಹುಟ್ಟಿದ್ದಿರಲಿಕ್ಕಿಲ್ಲ," ಅಂದ ನದಾಫ್. "ಎಲ್ಲೋ ಮೊದಲ ಸಣ್ಣದಾಗಿ ಕಂಡಿರಬೇಕು. ನಮ್ಮ ಪ್ರಯೋಗದ ಹೊಲದ ಹಳೇ ತಾಕಿನ ದಾಖಲೆ ತೆಗೀಲೇನ್ರಿ?"

"ನಾ ನೋಡ್ತೀನಿ ಬಿಡ್ರಿ," ಅಂದಳು ಇಂದುಮತಿ.

ಅವಳಿಗೆ ಹುಡುಕಬೇಕಾಗಿಯೇ ಇರಲಿಲ್ಲ. ಎರಡು ವರ್ಷದ ಹಿಂದಿನ ಪ್ರಯೋಗದ ಪುಸ್ತಕದಲ್ಲಿ ಹದಿನೇಳನೇ ತಾಕಿನ ಎದುರು ಅವಳದೇ ಅಕ್ಷರದಲ್ಲಿ ಬರೆದಿತ್ತು: 'ಹತ್ತೊಂಬತ್ತು ದಿನ ತಡವಾಗಿ ಮಾಗಿದೆ. ಎಲೆಗಳು ಕೊನೆಯವರೆಗೂ ಹಸಿರು. ಒಳ್ಳೆಯ ಗುಣ.' ಆ ವರ್ಷದ ವರದಿಯಲ್ಲಿ ಇದನ್ನೇ ಚಿಗುರುನೀರಿನ ಹೆಗ್ಗಳಿಕೆ ಎಂದು ಬಣ್ಣಿಸಿದ್ದಳು. ಯಾಕೆ ತಡವಾಯಿತು ಎಂದು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಮರುವರ್ಷದ ಪ್ರಚಾರ ನಿಲ್ಲಿಸಬೇಕಾಗುತ್ತಿತ್ತು. ಅವಳು ಪುಸ್ತಕ ಮುಚ್ಚಿ ಕಪಾಟಿನೊಳಗಿಟ್ಟಳು. ನದಾಫನಿಗೆ ಏನೂ ಹೇಳಲಿಲ್ಲ.

ನವೆಂಬರ್ ಮೊದಲ ವಾರ ಮೂರು ರಾಜ್ಯಗಳ ಕೃಷಿ ಅಧಿಕಾರಿಗಳ ವಿಡಿಯೋ ಸಭೆ ನಡೆಯಿತು. ಪರದೆಯ ಮೇಲೆ ಉಪಗ್ರಹದ ಚಿತ್ರ. ಒಣಗಿ ಕಂದಾಗಿರಬೇಕಿದ್ದ ನೆಲವೆಲ್ಲ ಹಸಿರು. ಬೇರೆ ವರ್ಷ ಅಂಥ ಹಸಿರು ಕಂಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಆ ದಿನ ಒಬ್ಬೊಬ್ಬರೂ ಅದರಲ್ಲಿ ತಮ್ಮ ಜಿಲ್ಲೆಯನ್ನು ಹುಡುಕುತ್ತಿದ್ದರು.

"ಈ ವರ್ಷ ಹೋದರೆ ಹೋಗಲಿ, ಮುಂದಿನ ವರ್ಷ ಈ ನೀರು ಹಾಕದೆ ಬಿತ್ತಿದರಾಯಿತು," ಅಂದರು ಹಿರಿಯ ಅಧಿಕಾರಿಯೊಬ್ಬರು.

"ಬಿತ್ತಲಿಕ್ಕೆ ಬೀಜ ಎಲ್ಲಿದೆ ಸರ್?" ಎಂದು ಇಂದುಮತಿ ಕೇಳಿದಳು.

ಸೋಯಾ ಕಾಳಿನ ಆಯಸ್ಸು ಬಲು ಕಡಿಮೆ. ಒಂದು ಬೇಸಿಗೆ ಗೋದಾಮಿನಲ್ಲಿ ಕಳೆದರೆ ಅದರ ಮೊಳಕೆಯ ಕಸುವು ಕುಂದುತ್ತದೆ. ಎರಡನೇ ಬೇಸಿಗೆ ದಾಟಿದ ಕಾಳು ಎಣ್ಣೆ ಹಿಂಡಲಿಕ್ಕಷ್ಟೇ. ಆದ್ದರಿಂದ ಪ್ರತಿವರ್ಷದ ಬೀಜ ಆಯಾ ವರ್ಷದ ಬೆಳೆಯಿಂದಲೇ ಬರಬೇಕು. ಕಳೆದ ವರ್ಷದ್ದನ್ನೆಲ್ಲ ಜೂನಿನಲ್ಲಿ ಮಣ್ಣಿಗೆ ಹಾಕಿಯಾಗಿತ್ತು, ಮಿಕ್ಕದ್ದು ಗಿರಣಿ ಸೇರಿತ್ತು. ಶೀತಲಗೃಹಗಳಲ್ಲಿ ತಳಿಗೊಂದರಂತೆ ಐವತ್ತೈವತ್ತು ಕಾಳಿನ ಪೊಟ್ಟಣಗಳಿದ್ದವು, ಅಷ್ಟೇ. ಪರದೇಶದ ಬೀಜ ನಮ್ಮ ಹಗಲಿರುಳಿನ ಅಳತೆಗೆ ಒಗ್ಗುವುದಿಲ್ಲ. ಈ ಹಸಿರು ಹೊಲಗಳಿಂದ ಒಂದಿಷ್ಟಾದರೂ ಕಾಳು ತೆಗೆಯದಿದ್ದರೆ ಈ ಸೀಮೆಯ ಸೋಯಾ ಅಲ್ಲಿಗೆ ಮುಗಿಯಿತು.

ಎರಿಹಾಳದಲ್ಲಿ ಜನ ತಮಗೆ ತೋಚಿದ್ದನ್ನು ಮಾಡುತ್ತಿದ್ದರು. ಮಡಿವಾಳಪ್ಪ ಎರಡು ಎಕರೆಯನ್ನು ಕುಡುಗೋಲಿನಿಂದ ಕೊಯ್ಸಿದ. ಎಂಟು ದಿನದಲ್ಲಿ ಬುಡದಿಂದ ಮತ್ತೆ ಚಿಗುರು ಬಂತು. ಟ್ರ್ಯಾಕ್ಟರ್ ಹೂಡಿ ಮಗುಚಿ ಹಾಕಿದ. ಮಗುಚಿದ ಹೆಂಟೆಗಳ ಸಂದಿಯಿಂದ ಬೇರು ಮತ್ತೆ ತಲೆಯೆತ್ತಿದವು. ಹಿಂಗಾರಿ ಬಿತ್ತನೆಯ ಹದ ಹಾಗೇ ಕಳೆದುಹೋಯಿತು. ಸೊಪ್ಪನ್ನಾದರೂ ದನಗಳಿಗೆ ಹಾಕೋಣವೆಂದರೆ, ಆ ಎಳೆ ಸೊಪ್ಪು ತಿಂದು ಕಾಶವ್ವನ ಎಮ್ಮೆ ಹೊಟ್ಟೆಯುಬ್ಬರಿಸಿ ಎರಡನೇ ದಿನ ಸತ್ತಿತು. ಸೋಯಾ ಹಿಂಡಿಯನ್ನೇ ನಂಬಿದ್ದ ರಸ್ತೆ ಬದಿಯ ಕೋಳಿ ಫಾರಂಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಂಗನವಾಡಿಯ ಮಕ್ಕಳಿಗೆ ಕೊಡುತ್ತಿದ್ದ ಸೋಯಾ ಹಿಟ್ಟಿನ ಉಂಡೆ ನಿಂತಿತು. ಅಂಗಡಿಯಲ್ಲಿ ಎಣ್ಣೆಯ ಪ್ಯಾಕೆಟ್ಟನ್ನು ಮನೆಗೊಂದೇ ಕೊಡುತ್ತಿದ್ದರು.

ಸಂಘದ ಮನೆಯ ಮುಂದೆ ಸಾಲಾಗಿದ್ದ ಹನ್ನೆರಡು ನೀಲಿ ಡ್ರಮ್ಮುಗಳನ್ನು ಯಾರೋ ಹಗಲಲ್ಲೇ ಕೊಡಲಿಯಿಂದ ಒಡೆದು ಹಾಕಿದರು. ಕಾಶವ್ವ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ತಡೆಯಲಿಲ್ಲ. ಅವಳು ತಡೆದದ್ದು ತಂಗಿಯ ಮೇಲೆ ಬಂದ ಮಾತನ್ನು. ಚಾವಡಿಯಲ್ಲಿ ಜನ ಸೇರಿದಾಗ ಎದ್ದು ನಿಂತು, "ನನ್ನ ತಂಗಿಗೆ ಗೊತ್ತಿದ್ದು ಮಾಡಿದ್ದಲ್ಲ. ಆಕಿಗೆ ಗೊತ್ತಿದ್ರ ಮೊದಲ ನನಗ ಹೇಳತಿದ್ಲು," ಎಂದು ಹೇಳಿದಳು. ಆ ಮಾತು ಇಂದುಮತಿಯ ಕಿವಿಗೂ ಬಿತ್ತು.

ಅಷ್ಟರಲ್ಲಿ ಪ್ರಯೋಗಾಲಯದಲ್ಲಿ ಒಂದು ದಾರಿ ಕಂಡಿತು. ಇಂದುಮತಿ ಹನ್ನೆರಡು ಗಿಡಗಳ ಬೇರು ತೊಳೆದು, ಇದ್ದಬದ್ದ ಗಂಟುಗಳನ್ನೆಲ್ಲ ಉಗುರಿನಿಂದ ಚಿವುಟಿ ತೆಗೆದು, ತುದಿ ಕತ್ತರಿಸಿ, ಕುದಿಸಿ ಆರಿಸಿದ ಮರಳಿನಲ್ಲಿ ನೆಟ್ಟಿದ್ದಳು. ಒಂಬತ್ತು ಸತ್ತವು. ಉಳಿದ ಮೂರರಲ್ಲಿ ಹನ್ನೊಂದನೇ ದಿನ ಹೂ ಬಂತು. ಆ ಹೂ ಉದುರದೆ ನಿಂತು, ಅದರ ಬುಡದಲ್ಲಿ ರೋಮ ತುಂಬಿದ ಪುಟ್ಟ ಕಾಯಿ ಮೂಡಿತು. ನದಾಫ್ ಭೂತಗನ್ನಡಿ ಹಿಡಿದು ಮೂರೂ ಗಿಡಗಳನ್ನು ನೋಡಿದ.

"ಗಂಟು ತೆಗದ್ರ ಮಾಗತೈತಿ ಮೇಡಂ. ಆದ್ರ ಯಂತ್ರ ತೆಗೆಯೋ ಕೆಲಸ ಅಲ್ಲ ಇದು. ಒಂದ ಒಂದು ಗಂಟು ಉಳಿದ್ರೂ ಅದ ಸಾಕು. ಕೈಲೆ ಆಗಬೇಕು. ಎಷ್ಟು ಕೈ ಬೇಕ್ರಿ?"

"ಅಕ್ಕನ್ನ ಕೇಳ್ತೀನಿ," ಅಂದಳು ಇಂದುಮತಿ.

ಊರ ಹೊರಗೆ ಹತ್ತಿ ಹಿಂಜುವ ಹಳೆಯ ಗಿರಣಿಯ ಶೆಡ್ಡು ಖಾಲಿ ಬಿದ್ದಿತ್ತು. ಕಾಶವ್ವ ಅರವತ್ನಾಲ್ಕು ಹೆಂಗಸರನ್ನು ಕೂಡಿಸಿದಳು. ಗಾಣದ ಮನೆಯಿಂದ ಬೆಲ್ಲ ಕಾಯಿಸುವ ಎರಡು ಕೊಪ್ಪರಿಗೆ ತರಿಸಿ ಮರಳನ್ನು ಅವುಗಳಲ್ಲಿ ಹಾಕಿ ಕುದಿಸಿದರು. ಗಂಡಸರು ಗಿಡ ಅಗೆದು ತಂದು ಬಾಗಿಲಲ್ಲಿ ಹಾಕುವರು. ಹೊಲದ ಮಣ್ಣು ಮೆಟ್ಟಿದ ಕಾಲು ಒಳಗೆ ಬರಬಾರದು. ಮೊದಲ ಸಾಲಿನ ಹೆಂಗಸರು ಬೇರು ತೊಳೆಯುವರು, ಎರಡನೇ ಸಾಲಿನವರು ಗಂಟು ಚಿವುಟುವರು, ಮೂರನೇ ಸಾಲಿನವರು ಬೆಳಕಿಗೆ ಹಿಡಿದು ಪರೀಕ್ಷಿಸುವರು. ಒಂದೊಂದು ಬೇರಿನಲ್ಲಿ ಎಂಬತ್ತು, ನೂರು ಗಂಟುಗಳು. ಚಿವುಟಿದ್ದನ್ನೆಲ್ಲ ಸುಡಲು ಉರಿಗೆ ಹಾಕುತ್ತಿದ್ದರು. ನಾಲ್ಕನೇ ದಿನಕ್ಕೆ ಎಲ್ಲರ ಉಗುರಿನ ಸಂದಿಯಲ್ಲಿ ಕೀವಾಯಿತು. ಕಾಶವ್ವ ಬೆರಳಿಗೆ ಅರಿವೆ ಸುತ್ತಿಕೊಂಡು ಚಿವುಟುತ್ತಿದ್ದಳು. ಇಂದುಮತಿ ಅವಳ ಪಕ್ಕದಲ್ಲೇ ಕೂತಿದ್ದಳು.

ಆರನೇ ದಿನ ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿನಲ್ಲಿ ತಿಪ್ಪವ್ವ ಎಂಬಾಕೆ ಮಾತು ತೆಗೆದಳು. ಚಿಗುರುನೀರಿನ ಮೊದಲ ಡ್ರಮ್ಮಿಗೆ ತನ್ನ ಬದುವಿನ ಮಣ್ಣು ತಂದು ಹಾಕಿದಾಕೆ ಅವಳು. ಆ ಸಂಗತಿ ಹೊರಬಿದ್ದ ಮೇಲೆ ಊರು ಅವಳನ್ನು ಅಪಶಕುನದಂತೆ ನೋಡುತ್ತಿತ್ತು.

"ನನ್ನ ಮಣ್ಣಿಂದ ಆತಂತ ಎಲ್ಲಾರೂ ಅಂತಾರ. ನೀವ ಹೇಳ್ರಿ ಡಾಕ್ಟರ. ಹೌದೇನು? ಮುಂಚೇನ ಗೊತ್ತಾಗತಿರಲಿಲ್ಲೇನು ಯಾರಿಗೂ?"

ಇಂದುಮತಿ ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟಳು. ಸುಮ್ಮನಿರಬಹುದಿತ್ತು. ಅಕ್ಕ ಚಾವಡಿಯಲ್ಲಿ ಆಡಿದ ಮಾತು ಹಾಗೇ ಉಳಿಯುತ್ತಿತ್ತು. ಆದರೆ ಎದುರಿಗೆ ತಿಪ್ಪವ್ವ ಕೀವು ತುಂಬಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.

"ನಿಮ್ಮ ಮಣ್ಣಿನ ತಪ್ಪಲ್ಲ ತಿಪ್ಪವ್ವಾ. ಎರಡ್ ವರ್ಷದ ಹಿಂದ ನಮ್ಮ ಪ್ರಯೋಗದ ತಾಕಿನ್ಯಾಗ ಇದು ಕಂಡಿತ್ತು. ಹತ್ತೊಂಬತ್ತು ದಿನ ತಡಾಗಿ ಮಾಗಿತ್ತು. ನಾನ ಬರದಿಟ್ಟಿದ್ದೆ. ಛಲೋ ಗುಣ ಅಂತ ಬರದೆ."

"ಅಂದ್ರ ನಿಮಗ ಗೊತ್ತಿತ್ತು," ಅಂದಳು ತಿಪ್ಪವ್ವ.

"ಕಂಡಿತ್ತು. ಕಂಡದ್ದು ಏನಂತ ಕೇಳ್ಕೊಳ್ಳಲಿಲ್ಲ. ಕೇಳ್ಕೊಂಡಿದ್ರ ಅವತ್ತ ನಿಲ್ಲಿಸಬೌದಿತ್ತು."

ತಿಪ್ಪವ್ವ ಎದ್ದಳು. ಬಯ್ಯಲಿಲ್ಲ. ಬುತ್ತಿಯ ಅರಿವೆ ಗಂಟು ಕಟ್ಟಿಕೊಂಡು ಬಾಗಿಲು ದಾಟಿ ಹೋದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತಿಬ್ಬರು. ಒಂದು ತಾಸಿನೊಳಗೆ ಶೆಡ್ಡಿನಲ್ಲಿ ಇಪ್ಪತ್ತೆರಡು ಜನ ಉಳಿದರು.

ಕಾಶವ್ವ ಎದ್ದಿರಲಿಲ್ಲ. ತಲೆ ಎತ್ತಿ ತಂಗಿಯನ್ನು ನೋಡಲೂ ಇಲ್ಲ. ತುಸು ಹೊತ್ತಿನ ಮೇಲೆ ಪಕ್ಕದ ರಾಶಿಯಿಂದ ಒಂದು ಗಿಡ ಎಳೆದುಕೊಂಡು ಗಂಟು ಚಿವುಟತೊಡಗಿದಳು.

"ಅಕ್ಕಾ..."

"ನೀರು ಹೊಲಸಾಗೇತಿ. ಬ್ಯಾರೆ ತಗೊಂಬಾ," ಅಂದಳು.

ಆ ದಿನದಿಂದ ಕಾಶವ್ವ ತಂಗಿಯೊಡನೆ ಆಡಿದ್ದೆಲ್ಲ ಇಂಥ ಮಾತೇ. ನೀರು ತಾ, ಮರಳು ಆರೇತಿ, ಈ ಗಿಡ ಸತ್ತೈತಿ. ಮನೆಗೆ ಉಣ್ಣಲು ಕರೆಯುವುದನ್ನು ಬಿಟ್ಟಳು. ಇಂದುಮತಿ ಗಿರಣಿಯ ಹಳೆಯ ಆಫೀಸು ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಕೇಂದ್ರಕ್ಕೂ ತನ್ನ ತಪ್ಪನ್ನು ಬರೆದು ತಿಳಿಸಿದಳು. ಅವಳ ಮೇಲೆ ವಿಚಾರಣೆ ಶುರುವಾಯಿತು. ಆದರೆ ಈ ಕೆಲಸ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಇದು ಮುಗಿಯುವವರೆಗೆ ಅವಳನ್ನು ಹುದ್ದೆಯಿಂದ ತೆಗೆಯಲಿಲ್ಲ. ನದಾಫ್ ಒಮ್ಮೆ ಮಾತ್ರ, "ನನಗರೆ ಹೇಳಬೌದಿತ್ತಲ್ರಿ ಮೇಡಂ," ಎಂದ. ಅವಳು ಹೌದೆಂದಳು.

ಇಪ್ಪತ್ತೆರಡು ಜನ ಸೇರಿ, ಮರಳು ತುಂಬಿದ ಚೀಲಗಳಲ್ಲಿ ಒಂಬತ್ತು ಸಾವಿರ ಗಿಡ ನೆಟ್ಟರು. ಗಿಡಗಳಿಗೆ ಗಂಟಿನ ಊಟ ನಿಂತಿತ್ತು. ಹಬೆಯಲ್ಲಿ ಬೇಯಿಸಿದ ಹಳೆಯ ಸಗಣಿ ಗೊಬ್ಬರವನ್ನು ನೀರಿನಲ್ಲಿ ಕದಡಿ, ತಿಳಿ ಸೋಸಿ, ದಿನಕ್ಕೊಂದು ಬಟ್ಟಲು ಉಣಿಸಿದರು. ಮೊದಲ ವಾರದಲ್ಲೇ ಐದು ಸಾವಿರ ಬಾಡಿ ಬಿದ್ದವು. ಮುಂದಿನ ವಾರ ಒಂದು ಮೂಲೆಯಲ್ಲಿ ಆರು ನೂರು ಗಿಡ ಇದ್ದಕ್ಕಿದ್ದಂತೆ ಕಡುಹಸಿರಾದವು. ಎಲ್ಲೋ ಒಂದು ಗಂಟು ಕಣ್ಣು ತಪ್ಪಿಸಿ ಉಳಿದು, ಹರಿದ ನೀರಿನೊಡನೆ ಪಕ್ಕದ ಚೀಲಗಳಿಗೂ ಹಬ್ಬಿತ್ತು. ಆ ಮೂಲೆಯನ್ನು ಪೂರ್ತಿ ಕಿತ್ತು ಉರಿಗೆ ಹಾಕಿದರು. ಹಾಕುವಾಗ ಒಬ್ಬ ಮುದುಕಿ ಗೊಳೋ ಎಂದು ಅತ್ತಳು. ಆ ಗಿಡಗಳನ್ನು ಚಿವುಟಿದ ಕೈ ಅವಳದಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ಬದುಕಿದ್ದವು ಸಾವಿರದ ಮುನ್ನೂರ ನಲವತ್ತು ಗಿಡ. ಅವುಗಳ ಎಲೆ ಒಂದೊಂದಾಗಿ ಹಣ್ಣಾಗಿ ಉದುರಿದವು. ಸೊರಗಿದ ಕಡ್ಡಿಗಳಲ್ಲಿ ಹತ್ತು ಹನ್ನೆರಡು ಕಾಯಿ. ಎಲ್ಲ ಬಿಡಿಸಿ ತೂಗಿದಾಗ ಮೂರು ಕಿಲೋ ಇನ್ನೂರು ಗ್ರಾಂ ಕಾಳಾಯಿತು. ಒಂದು ಎಕರೆಗೆ ಬೇಕಾದ ಬೀಜದ ಹತ್ತರಲ್ಲಿ ಒಂದು ಪಾಲು.

ಅದನ್ನು ಬಿತ್ತಲು ಸೋಯಾದ ಸೋಂಕೇ ತಾಗದ ನೆಲ ಬೇಕಿತ್ತು. ರಾಜ್ಯದ ಇನ್ನೊಂದು ತುದಿ, ಚಾಮರಾಜನಗರದ ಆಚೆಯ ಗುಡ್ಡದ ಬುಡದಲ್ಲಿ, ಎಂದೂ ಸೋಯಾ ಬಿತ್ತಿರದ ಒಂದು ತುಂಡು ಕೆಂಪು ಮಣ್ಣಿನ ಹೊಲ ಸಿಕ್ಕಿತು. ನದಾಫ್ ಕಾಳುಗಳನ್ನು ಮೂರು ಸಲ ಮದ್ದಿನ ನೀರಿನಲ್ಲಿ ಅದ್ದಿ ತೆಗೆದು, ಮೂರು ಸಲ ಪರೀಕ್ಷೆ ಮಾಡಿದ. ಎರಿಹಾಳದ ಮಣ್ಣು ಮೆಟ್ಟಿದ ಯಾರೂ ಅಲ್ಲಿಗೆ ಬರಕೂಡದೆಂದು ಆಜ್ಞೆಯಾಯಿತು. ಬೀಜ ಒಯ್ಯುವ ಇಂದುಮತಿ ಮಾತ್ರ ಹೋಗಬಹುದು. ಅವಳೂ ಸೀರೆ, ಚಪ್ಪಲಿ, ಕೈಚೀಲ ಎಲ್ಲ ಬಿಟ್ಟು, ಹತ್ತು ದಿನ ಕೇಂದ್ರದ ಕೋಣೆಯೊಂದರಲ್ಲಿ ಬೇರೆಯಾಗಿ ಇದ್ದು ಹೋಗಬೇಕು.

ಹೊರಡುವ ದಿನ ಇಂದುಮತಿ ಅಕ್ಕನ ಮನೆ ಮುಂದೆ ನಿಂತಳು. ಮಡಿವಾಳಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಒಳಗಿದಾಳ," ಅಂದ. ಆಮೇಲೆ ತಾನೇ, "ಹೊರಗ ಬರಾಂಗಿಲ್ಲಂತ. ಹೋಗು ತಂಗಿ. ಬಸ್ಸ್ ತಪ್ಪೀತು," ಅಂದ.

ಜನವರಿಯ ಕೊನೆಗೆ ಕಾಳುಗಳನ್ನು ಗೇಣಿಗೊಂದರಂತೆ ಕೈಯಿಂದಲೇ ಊರಿದರು. ನೂರಕ್ಕೆ ಅರವತ್ತೆಂಟು ಮೊಳೆತವು. ಗಂಟಿಲ್ಲದ ಬೇರು, ಬೇಯಿಸಿದ ಗೊಬ್ಬರದ ತಿಳಿಯೇ ಅವಕ್ಕೆ ಆಹಾರ. ಗಿಡ ಮೊಣಕಾಲೆತ್ತರಕ್ಕೆ ನಿಂತಿತು. ಇಂದುಮತಿ ದಿನಾ ಬೆಳಿಗ್ಗೆ ಸಾಲುಗಳ ನಡುವೆ ಮಂಡಿಯೂರಿ ತೆವಳಿ, ಎಲ್ಲಾದರೂ ಒಂದು ಎಲೆ ಅತಿಯಾಗಿ ಹಸಿರಾಗಿದೆಯೇ ಎಂದು ನೋಡುತ್ತಿದ್ದಳು. ಹಸಿರು ಕಂಡರೆ ಅಲ್ಲಿ ಒಂದು ಕಡ್ಡಿ ನೆಟ್ಟು ಗುರುತು ಮಾಡುವಳು. ವಾರಕ್ಕೆರಡು ಗಿಡ ಕಿತ್ತು ಬೇರು ನೋಡುವಳು. ಬೇರು ಬೋಳಾಗಿರುತ್ತಿತ್ತು. ಅಷ್ಟಾದರೂ ಮರುದಿನ ಮತ್ತೆ ಅದೇ ಹುಡುಕಾಟ. ಊರಿಗೆ ವಾರಕ್ಕೊಮ್ಮೆ ಫೋನ್ ಮಾಡಿದರೆ ಮಡಿವಾಳಪ್ಪ ಎತ್ತುತ್ತಿದ್ದ. ಅಲ್ಲಿ ಹೊಲ ಇನ್ನೂ ಹಸಿರಾಗಿಯೇ ಇತ್ತು. ಬಾವಿ ಬತ್ತಿ ನೆಲ ಬಿರಿದ ಮೇಲೆ ಕೆಲವು ಸಾಲು ಬಾಡಿ ಮಲಗಿದ್ದವಂತೆ. ಕಾಳು ಮಾತ್ರ ಒಂದೂ ಇಲ್ಲ.

ಏಪ್ರಿಲ್ ಇಪ್ಪತ್ತೊಂದಕ್ಕೆ, ಎಂಬತ್ತಾರನೇ ದಿನ, ಮೂರನೇ ಸಾಲಿನ ಕೆಳಗಿನ ಎಲೆಯೊಂದು ಹಳದಿಯಾಯಿತು. ನಾಲ್ಕು ದಿನದಲ್ಲಿ ಇಡೀ ಹೊಲ ಹಳದಿ. ಗಾಳಿ ಬೀಸಿದಾಗೊಮ್ಮೆ ಎಲೆಗಳು ಉದುರಿ ಸಾಲುಗಳ ನಡುವೆ ತುಂಬಿದವು. ಇಂದುಮತಿ ನಿಂತಲ್ಲೇ ಫೋನ್ ಮಾಡಿದಳು. ಆ ದಿನ ಎತ್ತಿದವಳು ಕಾಶವ್ವ.

"ಅಕ್ಕಾ. ಎಲಿ ಹಣ್ಣಾಗ್ಯಾವು."

"ಎಷ್ಟು?"

"ಎಲ್ಲಾ. ಒಂದೂ ಬಿಟ್ಟಿಲ್ಲ. ಉದುರಾಕತ್ತಾವು."

"ಕಾಯಿ ಒಡದು ನೋಡಿದೇನು?"

"ನೋಡೀನಿ. ಎರಡು ಕಾಳಿನವ ಹೆಚ್ಚದಾವು. ಮೂರು ಕಾಳಿನವೂ ಅದಾವು. ಎಲ್ಲಾ ಸೇರಿ ಅರವತ್ತು ಕಿಲೋ ಆಗಬೌದು."

"ಅರವತ್ತು," ಅಂದಳು ಕಾಶವ್ವ. "ನಮ್ಮ ಹೊಲಕ್ಕ ಯಾವಾಗ?"

ಈ ಪ್ರಶ್ನೆ ಬರುತ್ತದೆಂದು ಇಂದುಮತಿಗೆ ಗೊತ್ತಿತ್ತು. ಸೋಯಾದ ಬೇರು ಸಿಗದಿದ್ದರೂ ಆ ಜೀವಾಣು ಎರೆಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು.

"ಹನ್ನೆರಡು ವರ್ಷ ಅಂತಾರ ನದಾಫ್ ಸರ್. ಹೆಚ್ಚೂ ಆಗಬೌದು. ಅಲ್ಲೀತನಾ ಜ್ವಾಳ, ಗೋದಿ ಬಿತ್ತಬೇಕು. ಸೋಯಾ ಬ್ಯಾಡ."

"ನನಗ ಆಗ ಅರವತ್ತೆಂಟು."

"ಅಕ್ಕಾ, ನಾ ಏನ್..." ಇಂದುಮತಿಯ ದನಿ ಒಡೆಯಿತು.

"ಅಳಬ್ಯಾಡ. ಅತ್ರ ನನಗ ಸಿಟ್ಟ್ ಬರ್ತೈತಿ. ನಿನ್ನ ಮ್ಯಾಲಿನ ಸಿಟ್ಟ ಇನ್ನೂ ಹೋಗಿಲ್ಲ, ಹೋಗತೈತೋ ಇಲ್ಲೋ ಗೊತ್ತಿಲ್ಲ. ನಾ ಹೇಳೋದು ಕೇಳು. ನೀ ಓದಿದಾಕಿ, ರಾಶಿ ಮಾಡಿದಾಕಿ ಅಲ್ಲ. ಕೊಯ್ಯೋದು ನಸುಕಿನ್ಯಾಗ, ತಂಪ ಇದ್ದಾಗ ಕೊಯ್ಯಿ. ಬಿಸಲೇರಿದ್ರ ಕಾಯಿ ಸಿಡದು ಕಾಳು ಮಣ್ಣಾಗ ಹೋಗತಾವು."

"ಹೂಂ."

"ಮೂರು ಕಾಳಿನ ಕಾಯಿ ಬ್ಯಾರೆ ತೆಗಿ, ಅವನ್ನ ಮುಂದ ಬೀಜಕ್ಕಿಡು. ಮಷೀನಿಗಿ ಹಾಕಗೊಡಬ್ಯಾಡ. ಸೋಯಾದ ಸಿಪ್ಪಿ ಬಾಳ ತೆಳು, ಕಣ್ಣಿಗೆ ಕಾಣದಂಗ ಒಡದು ಮಳಕಿ ಸಾಯತೈತಿ. ಬಡಿಗಿಲೆ ಬಡೀರಿ, ಮೆಲ್ಲಕ. ಒಣಗಸೋದು ನೆಳ್ಳಾಗ. ಬರಕೊಂಡೇನು?"

ಕೈಯಲ್ಲಿ ಹಾಳೆ ಇರಲಿಲ್ಲ. ಇಂದುಮತಿ ಬದುವಿನ ಮೇಲೆ ಕೂತು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಜೇಬಿನಿಂದ ಪೆನ್ನು ತೆಗೆದು, ಎಡಗೈ ತೋಳಿನ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೊಂದೇ ಸಾಲು ಬರೆಯತೊಡಗಿದಳು.

"ಬರಕೊಳ್ಳಾಕತ್ತೀನಿ. ಮುಂದ ಹೇಳಕ್ಕಾ."